ಜಲವಿಮಾನದಲ್ಲಿ ಮೂರು ಖಂಡಗಳ ಯಾನ: ಡಿ ಪಿನೆಡೊ ಸಾಹಸದ ಶತಮಾನ ಸ್ಮರಣೆ

ವಿಮಾನಯಾನದ ಇತಿಹಾಸವೆಂದೊಡನೆ ನಮ್ಮ ನೆನಪಿಗೆ ಬರುವವರು ರೈಟ್ ಸಹೋದರರು, 1927ರಲ್ಲಿ ಏಕಾಂಗಿಯಾಗಿ ಅಟ್ಲಾಂಟಿಕ್ ಸಾಗರವನ್ನು ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್, ನಮ್ಮ ದೇಶದ ಮಟ್ಟಿಗೆ 1932ರಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆ ಹೊತ್ತು ತಂದ ಜೆ.ಆರ್.ಡಿ. ಟಾಟಾ. ಲಿಂಡ್‌ಬರ್ಗ್‌ಗಿಂತ ಎರಡು ವರ್ಷ ಮೊದಲೇ ಇಟಲಿಯಿಂದ ಹೊರಟು, ಆಸ್ಟ್ರೇಲಿಯವನ್ನೂ ಜಪಾನನ್ನೂ ಮುಟ್ಟಿ, ಹೊರಟ ವಿಮಾನದಲ್ಲಿಯೇ ರೋಮ್ ನಗರಕ್ಕೆ ಮರಳಿದ ಫ್ರಾನ್ಚೆಸ್ಕೊ ಡಿ ಪಿನೆಡೊನ ಹೆಸರನ್ನು ಕೇಳಿದವರು ನಮ್ಮಲ್ಲಿ ವಿರಳ. ಆ ಯಾನಕ್ಕೆ 2025ರಲ್ಲಿ ನೂರು ವರ್ಷ ತುಂಬಿತು. ಆತನ ವಿಮಾನ ಮುಂಬಯಿಯ ನೀರಿನ ಮೇಲೂ ಇಳಿದಿತ್ತಾದ್ದರಿಂದ ಈ ಮಹಾನಗರದ ಕನ್ನಡಿಗರಾದ ನಾವು ಅದನ್ನು ಸ್ಮರಿಸುವುದು ಉಚಿತವೇ ಆಗಿದೆ.

ಡಿ ಪಿನೆಡೊ 1890ರ ಫೆಬ್ರವರಿ 16ರಂದು ನೇಪಲ್ಸ್ ನಗರದ ಶ್ರೀಮಂತ ಮನೆತನವೊಂದರಲ್ಲಿ ಜನಿಸಿದ. ನೌಕಾಪಡೆಯ ಅಕಾಡೆಮಿಯಲ್ಲಿ ಶಿಕ್ಷಣ ಪಡೆದು ಅಧಿಕಾರಿಯಾದ ಆತ ಮೊದಲ ಮಹಾಯುದ್ಧದ ಕಾಲದಲ್ಲಿ ವಿಮಾನ ಚಾಲನೆಯನ್ನು ಕಲಿತ. 1923ರಲ್ಲಿ ಇಟಲಿಯ ವಾಯುಪಡೆ ಪ್ರತ್ಯೇಕ ಸೇನೆಯಾಗಿ ರೂಪುಗೊಂಡಾಗ ಅದಕ್ಕೆ ಸೇರಿದ. ಕಡಲನ್ನು ಬಲ್ಲವನು ಆಕಾಶಕ್ಕೆ ಏರಿದ್ದರಿಂದಲೇ ಇರಬೇಕು, ದೂರಪ್ರಯಾಣಕ್ಕೆ ಜಲವಿಮಾನವೇ ಯೋಗ್ಯವೆಂಬುದು ಆತನ ದೃಢವಾದ ನಂಬಿಕೆಯಾಗಿತ್ತು.

ಈ ನಂಬಿಕೆಗೆ ಬಲವಾದ ಕಾರಣವಿತ್ತು. 1925ರ ಹೊತ್ತಿಗೆ ಏಷ್ಯಾದ ಬಹುಭಾಗದಲ್ಲಿ ವಿಮಾನ ನಿಲ್ದಾಣಗಳೇ ಇರಲಿಲ್ಲ. ನಮ್ಮ ಜುಹೂ ನಿಲ್ದಾಣ ಕೂಡ ಅಸ್ತಿತ್ವಕ್ಕೆ ಬಂದದ್ದು 1928ರಲ್ಲಿ. ಆದರೆ ಬಂದರುಗಳು, ಸರೋವರಗಳು, ಅಗಲವಾದ ನದಿಗಳು ಎಲ್ಲೆಡೆಯೂ ಇದ್ದವು. ದೋಣಿಯಂತೆ ತೇಲುವ ಒಡಲುಳ್ಳ ವಿಮಾನಕ್ಕೆ ಇವೆಲ್ಲವೂ ಸಿದ್ಧವಾದ ನಿಲ್ದಾಣಗಳೇ. ಬಂದರಿನಲ್ಲಿ ಲಂಗರು ಹಾಕಬಹುದು, ಇಂಧನ ತುಂಬಿಕೊಳ್ಳಬಹುದು, ದುರಸ್ತಿಗೆ ಹಡಗುಕಟ್ಟೆಯ ಕುಶಲಕರ್ಮಿಗಳ ನೆರವನ್ನೂ ಪಡೆಯಬಹುದು. ಜಲವಿಮಾನಕ್ಕೆ ತನ್ನದೇ ಆದ ತೊಂದರೆಗಳೂ ಇದ್ದವು. ಅಲೆ ಹೆಚ್ಚಾದರೆ ಒಡಲಿಗೆ ಪೆಟ್ಟು ಬೀಳುತ್ತದೆ. ನೀರು ಕನ್ನಡಿಯಂತೆ ನಿಶ್ಚಲವಾಗಿದ್ದರೆ ಅದು ಒಡಲನ್ನು ಹಿಡಿದಿಟ್ಟುಕೊಂಡು ಮೇಲೇರಲು ಸುಲಭವಾಗಿ ಬಿಡುವುದಿಲ್ಲ. ಉಪ್ಪುನೀರು ಲೋಹದ ಭಾಗಗಳನ್ನು ತಿನ್ನುತ್ತದೆ.

ಡಿ ಪಿನೆಡೊ ಆರಿಸಿಕೊಂಡದ್ದು ಸವೋಯ ಎಸ್-16 ಮಾದರಿಯ ಹಾರುವ ದೋಣಿ. ಜೋಡಿ ರೆಕ್ಕೆ, ಮರದ ಒಡಲು, ರೆಕ್ಕೆಗಳ ನಡುವೆ ಹಿಮ್ಮುಖವಾಗಿ ಜೋಡಿಸಿದ ಒಂದೇ ಒಂದು ಎಂಜಿನ್. ನೇಪಲ್ಸ್‌ನ ಪೋಷಕ ಸಂತ ಜೆನ್ನಾರೊನನ್ನು ನೆನೆದು ಅದಕ್ಕೆ ‘ಜೆನ್ನಾರಿಯೆಲ್ಲೊ’ ಎಂದು ಪ್ರೀತಿಯ ಹೆಸರಿಡಲಾಯಿತು. ಜೊತೆಗಾರ ಒಬ್ಬನೇ, ಮೆಕ್ಯಾನಿಕ್ ಎರ್ನೆಸ್ಟೊ ಕಂಪನೆಲ್ಲಿ. ಹಿಂದಿನ ವರ್ಷವಷ್ಟೇ ಅಮೆರಿಕದ ಸೇನೆಯ ನಾಲ್ಕು ವಿಮಾನಗಳು ಭೂಪ್ರದಕ್ಷಿಣೆಗೆ ಹೊರಟು, ನೌಕಾಪಡೆಯ ಹಡಗುಗಳ ಬೆಂಬಲವಿದ್ದೂ ಎರಡು ಮಾತ್ರ ಪ್ರದಕ್ಷಿಣೆಯನ್ನು ಪೂರೈಸಿದ್ದವು. ಅಂಥ ಬೆಂಗಾವಲಿಲ್ಲದೆ, ಒಂದೇ ವಿಮಾನದಲ್ಲಿ ಇಬ್ಬರೇ ಹೊರಟರೆಂಬುದನ್ನು ಗಮನಿಸಿದರೆ ಸಾಹಸದ ಅಳತೆ ನಮಗೆ ತಿಳಿಯುತ್ತದೆ.

1925ರ ಏಪ್ರಿಲ್ ಮೂರನೆಯ ವಾರದಲ್ಲಿ ಮ್ಯಾಜೋರೆ ಸರೋವರದ ತೀರದ ಸೆಸ್ಟೊ ಕಲೆಂದೆಯಿಂದ ಯಾನ ಆರಂಭವಾಯಿತು. ಬಾಗ್ದಾದ್, ಪರ್ಷಿಯ ಕೊಲ್ಲಿ, ಕರಾಚಿಗಳ ಮೂಲಕ ಮೇ ತಿಂಗಳಲ್ಲಿ, ಮುಂಗಾರು ಕಾಲಿಡುವ ಮುನ್ನ, ವಿಮಾನ ಮುಂಬಯಿಯನ್ನು ತಲುಪಿತು. ಇಲ್ಲಿಂದ ಮುಂದಿನ ನಿಲುಗಡೆ ಪೂರ್ವ ಕರಾವಳಿಯ ಕಾಕಿನಾಡ. ಕರಾವಳಿಯನ್ನು ಅನುಸರಿಸಿ ಕನ್ಯಾಕುಮಾರಿಯನ್ನು ಸುತ್ತುವ ದೂರವನ್ನು ಉಳಿಸಲು ದಖನ್ ಪ್ರಸ್ಥಭೂಮಿಯನ್ನೇ ಅಡ್ಡ ಹಾಯಲಾಯಿತು. ನಕ್ಷೆಯಲ್ಲಿ ಈ ಎರಡು ಬಂದರುಗಳ ನಡುವೆ ಸರಳರೇಖೆಯೊಂದನ್ನು ಎಳೆದರೆ ಅದು ನಮ್ಮ ಬೀದರದ ಸಮೀಪದಲ್ಲಿ ಹಾದುಹೋಗುತ್ತದೆ. ಸುಮಾರು ಸಾವಿರ ಕಿಲೋಮೀಟರು ಬಹುಮಟ್ಟಿಗೆ ಒಣನೆಲ. ನಡುಬೇಸಿಗೆಯಲ್ಲಿ ನಮ್ಮ ಕೆರೆಗಳ ಸ್ಥಿತಿಯನ್ನು ಬಲ್ಲವರಿಗೆ, ಚಕ್ರಗಳಿಲ್ಲದ, ಏಕೈಕ ಎಂಜಿನ್ನಿನ ವಿಮಾನಕ್ಕೆ ಈ ಹಾದಿ ಎಂಥ ಪರೀಕ್ಷೆಯೆಂಬುದನ್ನು ವಿವರಿಸಬೇಕಾಗಿಲ್ಲ.

ಕಲ್ಕತ್ತ, ರಂಗೂನ್, ಸಿಂಗಾಪುರ, ಜಾವಾ ದಾಟಿ ಇಬ್ಬರೂ ಆಸ್ಟ್ರೇಲಿಯವನ್ನು ಸೇರಿದರು. ಪರ್ತ್, ಮೆಲ್ಬರ್ನ್, ಸಿಡ್ನಿ ನಗರಗಳಲ್ಲಿ ಅವರಿಗೆ ಸ್ವಾಗತ ದೊರೆಯಿತು. ಮೆಲ್ಬರ್ನಿನಲ್ಲಿ ತಿಂಗಳಿಗೂ ಹೆಚ್ಚು ಕಾಲ ತಂಗಿ ವಿಮಾನವನ್ನು ಸುಸ್ಥಿತಿಗೆ ತರಲಾಯಿತು. ಬಳಿಕ ನ್ಯೂಗಿನಿ, ಫಿಲಿಪೀನ್ಸ್, ಚೀನಾ, ಕೊರಿಯಗಳ ಮಾರ್ಗವಾಗಿ ಸೆಪ್ಟೆಂಬರ್ ಕೊನೆಯಲ್ಲಿ ಟೋಕಿಯೊ. ಅಲ್ಲಿಂದ ಮತ್ತೆ ಪಶ್ಚಿಮಕ್ಕೆ ತಿರುಗಿ ನವೆಂಬರ್ 7ರಂದು ‘ಜೆನ್ನಾರಿಯೆಲ್ಲೊ’ ರೋಮ್ ನಗರದ ನಡುವೆ, ಟೈಬರ್ ನದಿಯ ಮೇಲೆ ಇಳಿಯಿತು.

ಕ್ರಮಿಸಿದ ದೂರ ಸುಮಾರು 55,000 ಕಿಲೋಮೀಟರು. ಹಿಡಿದ ಕಾಲ ಸುಮಾರು 200 ದಿನ. ಹಾರಾಟದ ಅವಧಿ ಸುಮಾರು 370 ಗಂಟೆ, ಅಂದರೆ ಹದಿನೈದೂವರೆ ದಿನಕ್ಕಿಂತ ಹೆಚ್ಚಲ್ಲ. ಈ ಲೆಕ್ಕವನ್ನು ನಾವು ಕೊಂಚ ನಿಂತು ಯೋಚಿಸಬೇಕು. ಉಳಿದ ದಿನಗಳೆಲ್ಲ ದುರಸ್ತಿಗೆ, ಇಂಧನಕ್ಕೆ, ಹವೆ ತಿಳಿಯಾಗುವುದನ್ನು ಕಾಯುವುದಕ್ಕೆ, ವಿಶ್ರಾಂತಿಗೆ ಸಂದವು. ಬಿರುದು ಸನ್ಮಾನಗಳು ಚಾಲಕನ ಪಾಲಾದವು, ನಿಜ. ಆದರೆ ಆ ಒಂಟಿ ಎಂಜಿನ್ನನ್ನು ಬಂದರಿನಿಂದ ಬಂದರಿಗೆ ಜೀವಂತವಾಗಿ ಇಟ್ಟ ಕಂಪನೆಲ್ಲಿಯನ್ನು ಬಿಟ್ಟು ಈ ಸಾಧನೆಯ ಮಾತನ್ನಾಡುವುದು ಅಪೂರ್ಣವಾದೀತು.

ಇನ್ನೊಂದು ಸಂಗತಿಯನ್ನೂ ಮರೆಯಲಾಗದು. 1925ರ ಜನವರಿಯಿಂದ ಮುಸೊಲಿನಿ ಇಟಲಿಯಲ್ಲಿ ಸರ್ವಾಧಿಕಾರವನ್ನು ಬಹಿರಂಗವಾಗಿಯೇ ಸ್ಥಾಪಿಸುತ್ತಿದ್ದ. ಇಂಥ ಯಾನಗಳು ಆ ಆಡಳಿತಕ್ಕೆ ಕೀರ್ತಿ ತರುವ ಸಾಧನಗಳೂ ಆಗಿದ್ದವು. ಡಿ ಪಿನೆಡೊ ಇಳಿದ ಟೈಬರ್ ತೀರದ ಕಟ್ಟೆಗೆ ಇಂದು ಆತನ ಹೆಸರಿದೆ. 1924ರ ಜೂನ್ 10ರಂದು ಸರ್ವಾಧಿಕಾರವನ್ನು ವಿರೋಧಿಸಿದ ಸಂಸದ ಜಾಕೊಮೊ ಮತ್ತೆಯೊತ್ತಿಯನ್ನು ಅಪಹರಿಸಿ ಕೊಂದದ್ದೂ ಆ ನದೀತೀರದ ರಸ್ತೆಯಿಂದಲೇ. ಆತನ ಸ್ಮಾರಕವೂ ಅಲ್ಲಿಯೇ ಇದೆ. ಒಂದು ಹೆಸರನ್ನು ಓದಿದವನು ಮತ್ತೊಂದನ್ನೂ ಓದಬೇಕಾದ ಸ್ಥಳವದು.

1927ರಲ್ಲಿ ಡಿ ಪಿನೆಡೊ, ಕಾರ್ಲೊ ಡೆಲ್ ಪ್ರೆತೆ ಹಾಗೂ ಮೆಕ್ಯಾನಿಕ್ ವಿತಾಲೆ ಜಕ್ಕೆತ್ತಿಯರೊಡನೆ ‘ಸಾಂತಾ ಮಾರಿಯಾ’ ಎಂಬ ಜಲವಿಮಾನದಲ್ಲಿ ಆಫ್ರಿಕ ಹಾಗೂ ಎರಡೂ ಅಮೆರಿಕಗಳ ಯಾತ್ರೆ ಕೈಗೊಂಡ. ಏಪ್ರಿಲ್ 6ರಂದು ಅಮೆರಿಕದ ಆರಿಜೋನದ ಅಣೆಕಟ್ಟಿನ ಜಲಾಶಯದಲ್ಲಿ, ನೀರಿನ ಮೇಲೆ ಹರಡಿದ್ದ ಪೆಟ್ರೋಲಿಗೆ ಕಿಡಿ ತಗುಲಿ ವಿಮಾನ ಸುಟ್ಟುಹೋಯಿತು. ಇಟಲಿ ಕಳುಹಿಸಿದ ಬೇರೊಂದು ವಿಮಾನದಲ್ಲಿ ಆತ ಯಾನವನ್ನು ಮುಂದುವರಿಸಿ ಜೂನ್‌ನಲ್ಲಿ ಸ್ವದೇಶಕ್ಕೆ ಮರಳಿದ. ಕಾಲಾಂತರದಲ್ಲಿ ವಾಯುಪಡೆಯ ಮುಖ್ಯಸ್ಥ ಇಟಾಲೊ ಬಾಲ್ಬೊನೊಡನೆ ವಿರಸವುಂಟಾಗಿ ಬದಿಗೆ ಸರಿಯಬೇಕಾಯಿತು. 1933ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಿಂದ ಬಾಗ್ದಾದಿಗೆ ಒಂಟಿಯಾಗಿ ಹಾರುವ ದಾಖಲೆಗೆ ಹೊರಟಾಗ, ಇಂಧನದ ಭಾರ ಹೊತ್ತ ವಿಮಾನ ನೆಲ ಬಿಡುವ ಮುನ್ನವೇ ಹಾದಿ ತಪ್ಪಿ ಬೆಂಕಿಗೆ ಆಹುತಿಯಾಯಿತು. ಆಗ ಆತನ ವಯಸ್ಸು 43. ನೀರನ್ನು ನಂಬಿ ಬದುಕಿದವನ ಅಂತ್ಯ ಗಟ್ಟಿನೆಲದ ಓಡುದಾರಿಯಲ್ಲಾದದ್ದು ವಿಧಿಯ ವಿಪರ್ಯಾಸ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಗತ್ತಿನಾದ್ಯಂತ ಉದ್ದವಾದ ಓಡುದಾರಿಗಳು ನಿರ್ಮಾಣಗೊಂಡವು; ದೂರಪ್ರಯಾಣದ ಜಲವಿಮಾನಗಳ ಯುಗ ಮುಗಿಯಿತು. ಆದರೆ ಮುಂಬಯಿಯಿಂದ ಸಿಂಗಾಪುರಕ್ಕೆ, ಸಿಡ್ನಿಗೆ ಕೆಲವೇ ಗಂಟೆಗಳಲ್ಲಿ ನಮ್ಮ ಮಕ್ಕಳು ಹೋಗಿಬರುವ ಇಂದಿನ ವಾಯುಮಾರ್ಗಗಳು, ಬಂದರಿನಿಂದ ಬಂದರಿಗೆ ಪರೀಕ್ಷಿಸುತ್ತ ಸಾಗಿದ ಇಂಥವರ ಅನುಭವದ ಮೇಲೆಯೇ ಬೆಳೆದವು. ಸಾಧನೆಯನ್ನು ಮೆಚ್ಚೋಣ, ಅದನ್ನು ಬಳಸಿಕೊಂಡ ಅಧಿಕಾರವನ್ನೂ ಗುರುತಿಸೋಣ, ಎಂಜಿನ್ನಿನ ಬಳಿ ನಿಂತಿದ್ದ ಎರಡನೆಯ ವ್ಯಕ್ತಿಯನ್ನೂ ನೆನೆಯೋಣ. ಶತಮಾನದ ಸ್ಮರಣೆ ಸಾರ್ಥಕವಾಗುವುದು ಹೀಗೆ ನೆನೆದಾಗ.