ಕಡಲ ಕಾನೂನಿನ ಲೇಖನ: ದುಡ್ಡು ಕೊಟ್ಟು ಯಾಕೆ ಹಾಕಿಸಬೇಕು?

ಜಯನಗರ, ಬಿಟಿಎಂ ಲೇಔಟ್, ಬನಶಂಕರಿ ಕಡೆಯ ಪಿಜಿಗಳಲ್ಲಿ ಈಗ ಉಳ್ಳಾಲ, ಬಂಟ್ವಾಳ, ಪುತ್ತೂರಿನ ಮಕ್ಕಳು ಬೇಕಾದಷ್ಟಿದ್ದಾರೆ. ಮೊದಲು ನಮ್ಮವರು ಬೆಂಗಳೂರಿಗೆ ಬರುವುದೆಂದರೆ ಹೋಟೆಲ್, ಬೇಕರಿ ಅಂತಿತ್ತು. ಈಗ ಲಾ ಓದುವವರೂ ಇದ್ದಾರೆ, ಸಂತೋಷ. ಮಸ್‌ಅಲ ಕೇಳಲು ಬಂದ ಮಕ್ಕಳು ಬೇರೆ ಮಾತೂ ಆಡುತ್ತಾರೆ. ಇತ್ತೀಚೆಗೆ ಪದೇ ಪದೇ ಕೇಳಿದ್ದು ಇದು: "ಉಸ್ತಾದ್, ಜರ್ನಲ್‌ನಲ್ಲಿ ಲೇಖನ ಬಂದರೆ ಇಂಟರ್ನ್‌ಶಿಪ್ ಸುಲಭ. ಎರಡು ಮೂರು ಸಾವಿರ ಕೊಟ್ಟರೆ ಹತ್ತು ದಿನದಲ್ಲಿ ಹಾಕ್ತಾರೆ, ಸರ್ಟಿಫಿಕೇಟೂ ಸಿಗ್ತದೆ."

ಹತ್ತು ದಿನದಲ್ಲಿ ಆ ಲೇಖನವನ್ನು ಓದಿ ತಪ್ಪು ತಿದ್ದಿದವರು ಯಾರು? ಯಾರೂ ಇಲ್ಲ. ದುಡ್ಡು ಎಣಿಸಿದ್ದು ಮಾತ್ರ. ನಾವು ಕಾನೂನು ಓದಿದವರಲ್ಲ, ಆದ್ದರಿಂದ ಓದಿಸುವವರ ಹತ್ತಿರ ಕೂತು ಕೇಳಿ ತಿಳಿದದ್ದನ್ನು ಇಲ್ಲಿ ಹೇಳುತ್ತೇವೆ. ಐಎಸ್‌ಎಸ್‌ಎನ್ ನಂಬರ್ ಇದೆ ಅಂತ ಮಕ್ಕಳು ತೋರಿಸುತ್ತಾರೆ. ಅದು ಪತ್ರಿಕೆಯ ಗುರುತಿನ ಸಂಖ್ಯೆ ಅಷ್ಟೇ, ಗುಣಮಟ್ಟಕ್ಕೆ ಯಾರೂ ಹಾಕಿದ ಮೊಹರು ಅಲ್ಲ. ಮೊದಲು ಯುಜಿಸಿಯ ಕೇರ್ ಪಟ್ಟಿ ಅಂತ ಒಂದಿತ್ತು, 2025ರಲ್ಲಿ ಅದನ್ನೂ ನಿಲ್ಲಿಸಿದರು. ಇನ್ನು ಒಳ್ಳೆಯದು ಯಾವುದು, ಸುಳ್ಳು ಯಾವುದು ಅಂತ ಮಕ್ಕಳೇ ನೋಡಬೇಕು.

ನೋಡುವುದು ಕಷ್ಟವೇನಲ್ಲ. ಇಂಗ್ಲೆಂಡಿನ ಲಾಯ್ಡ್ಸ್ ಮ್ಯಾರಿಟೈಮ್ ಆ್ಯಂಡ್ ಕಮರ್ಷಿಯಲ್ ಲಾ ಕ್ವಾರ್ಟರ್ಲಿ, ಅಮೆರಿಕದ ಟುಲೇನ್ ಮ್ಯಾರಿಟೈಮ್ ಲಾ ಜರ್ನಲ್, ಇಲ್ಲೇ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ರಿವ್ಯೂ ಇವೆ. ಇಂಥ ಕಡೆ ಲೇಖನಕ್ಕೆ ಬೆಲೆ ಕಟ್ಟುವುದಿಲ್ಲ, ಬರವಣಿಗೆ ನೋಡುತ್ತಾರೆ. ತಿಂಗಳುಗಟ್ಟಲೆ ಕಾಯಬೇಕು, ಹೆಚ್ಚಿನವರಿಗೆ 'ಬೇಡ' ಅಂತಲೇ ಉತ್ತರ ಬರುತ್ತದೆ. ಬೇಡ ಅಂದರೂ ಕೆಲವೊಮ್ಮೆ ಯಾಕೆ ಬೇಡ ಅಂತ ಎರಡು ಸಾಲು ಬರೆಯುತ್ತಾರೆ. ಮೂರು ಸಾವಿರ ಕೊಟ್ಟರೂ ಆ ಎರಡು ಸಾಲು ಸಿಗುವುದಿಲ್ಲ.

ಅಡಿಟಿಪ್ಪಣಿ ಅಂದರೆ ಮಕ್ಕಳಿಗೆ ಬೇಜಾರು. ನಾವು ಹೇಳುವುದಿಷ್ಟೇ: ಹದೀಸಿಗೆ ಸನದ್ ಇದ್ದ ಹಾಗೆ ಅದು. ಯಾರು ಹೇಳಿದ್ದು, ಎಲ್ಲಿ ಹೇಳಿದ್ದು, ನೀನು ಯಾರಿಂದ ಪಡೆದೆ ಅಂತ ತೋರಿಸಬೇಕು. ಅದನ್ನು ಬರೆಯುವ ಶೈಲಿ ಒಂದೊಂದು ಪತ್ರಿಕೆಗೆ ಒಂದೊಂದು ಥರ, ಅವರು ಕೇಳಿದ್ದನ್ನೇ ಕೊಡಿ. ಲೇಖನದ ಒಳಗೆ ಎಲ್ಲೂ ನಿಮ್ಮ ಹೆಸರು ಇರಬಾರದು. ಪರಿಶೀಲಿಸುವವರಿಗೆ ಬರೆದದ್ದು ಯಾರು ಅಂತ ಗೊತ್ತಾಗಬಾರದು ಅನ್ನುವುದು ನಿಯಮ. ಕಂಪ್ಯೂಟರ್ ಫೈಲಿನ ವಿವರದಲ್ಲಿ ಅಡಗಿರುವ ಹೆಸರನ್ನೂ ಅಳಿಸಬೇಕು. ಇನ್ನೊಂದು, ಅಮೆರಿಕದಲ್ಲಿ ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆಗಳಿಗೆ ಒಂದೇ ಲೇಖನ ನಾಲ್ಕು ಕಡೆ ಕಳಿಸಿದರೂ ನಡೆಯುತ್ತದೆ. ಬೇರೆ ಕಡೆ ಸಾಮಾನ್ಯವಾಗಿ ಹಾಗೆ ಮಾಡಿದರೆ ಹೆಸರು ಕೆಡುತ್ತದೆ.

ಇದೆಲ್ಲ ಆಯಿತು, ಬರೆಯುವುದೇನು? ಮಕ್ಕಳು ತೆಗೆದುಕೊಳ್ಳುವ ವಿಷಯ ನೋಡಿದರೆ ದಕ್ಷಿಣ ಚೀನಾ ಸಮುದ್ರ, ಸೊಮಾಲಿಯಾದ ಕಡಲ್ಗಳ್ಳರು. ಅದನ್ನು ಬರೆಯುವವರು ಸಾವಿರ ಜನ ಇದ್ದಾರೆ. ಉಳ್ಳಾಲದ ಕಡಲನ್ನು ಬರೆಯುವವರು ಯಾರು? 2022ರ ಜೂನ್‌ನಲ್ಲಿ ಬಟ್ಟಪ್ಪಾಡಿ ಹತ್ತಿರ ಪ್ರಿನ್ಸೆಸ್ ಮಿರಾಲ್ ಹಡಗು ಮುಳುಗಿತಲ್ಲ, ಒಳಗೆ ಸುಮಾರು 8,000 ಟನ್ ಉಕ್ಕಿನ ಸುರುಳಿ. 15 ಮಂದಿ ಸಿರಿಯಾದ ನಾವಿಕರನ್ನು ಕೋಸ್ಟ್ ಗಾರ್ಡ್ ಉಳಿಸಿತು. ಮುಳುಗಿದ ಹಡಗನ್ನು ಮಾಲೀಕನೇ ತೆಗೆಯಬೇಕು ಅನ್ನುವ 2007ರ ನೈರೋಬಿ ಒಪ್ಪಂದಕ್ಕೆ ಭಾರತವೂ ಸೇರಿದೆ. ಆದರೆ ಆ ಒಪ್ಪಂದ ಮೂಲತಃ ದಡದಿಂದ 12 ನಾಟಿಕಲ್ ಮೈಲಿನ ಆಚೆಗೆ. ಒಳಗೂ ಅನ್ವಯಿಸಬೇಕಾದರೆ ದೇಶ ಹಾಗಂತ ಬೇರೆಯೇ ತಿಳಿಸಬೇಕು. ಮಿರಾಲ್ ಇದ್ದದ್ದು ದಡಕ್ಕೆ ಕಾಣುವಷ್ಟು ಹತ್ತಿರ. ಹಾಗಾದರೆ ಯಾವ ಕಾನೂನು ಹಿಡಿಯಬೇಕು? ಇದೊಂದೇ ಪ್ರಶ್ನೆ ಸಾಕು ಒಂದು ಲೇಖನಕ್ಕೆ.

2021ರ ಏಪ್ರಿಲ್ 13ರಂದು ಮಂಗಳೂರಿನಾಚೆ ಕಡಲಿನಲ್ಲಿ ಬೇಪೂರಿನ ರಬಾಹ್ ದೋಣಿಗೂ ಸಿಂಗಾಪುರದ ಎಪಿಎಲ್ ಲಾ ಹಾವ್ರ್ ಹಡಗಿಗೂ ಡಿಕ್ಕಿಯಾಯಿತು. ದೋಣಿಯಲ್ಲಿ 14 ಮಂದಿ ಇದ್ದರು, ಬದುಕಿ ಬಂದದ್ದು ಇಬ್ಬರು. ಇಂಥ ಡಿಕ್ಕಿಯಲ್ಲಿ ಜೀವ ಹೋದವರ ಮನೆಯವರು ಯಾರ ಮೇಲೆ, ಯಾವ ಕೋರ್ಟಿನಲ್ಲಿ, ಏನು ಕೇಳಬಹುದು ಅಂತ ಮೀನುಗಾರರ ಮನೆಗೆ ಅರ್ಥವಾಗುವ ಹಾಗೆ ಬರೆದವರು ಕಡಿಮೆ.

ದರ್ಸ್ ಓದಿ ಲಾ ಕಾಲೇಜಿಗೆ ಬಂದ ಮಕ್ಕಳಿಗಂತೂ ಇನ್ನೊಂದು ಬಾಗಿಲು ಇದೆ. 13ನೇ ಶತಮಾನದ ಇಮಾಂ ನವವಿಯವರ ಮಿನ್‌ಹಾಜ್‌ನಲ್ಲಿ ಎರಡು ಹಡಗು ಡಿಕ್ಕಿಯಾದರೆ ಏನು ಅಂತ ಇದೆ. ಮುಳುಗುವ ಹಡಗಿನಿಂದ ಸರಕನ್ನು ಕಡಲಿಗೆ ಎಸೆದರೆ ನಷ್ಟ ಯಾರದ್ದು ಅಂತಲೂ ಇದೆ. ಬೇರೆಯವರ ಮಾಲನ್ನು ಕೇಳದೆ ಎಸೆದವನೇ ಕಟ್ಟಿಕೊಡಬೇಕು. 'ನಿನ್ನ ಮಾಲು ಎಸೆ, ಜವಾಬ್ದಾರಿ ನನ್ನದು' ಅಂದವನೂ ಕಟ್ಟಿಕೊಡಬೇಕು. ಮಾಲಿಕಿಗಳು ನಷ್ಟವನ್ನು ಸರಕಿನವರೆಲ್ಲರ ಮೇಲೆ ಹಂಚುತ್ತಾರೆ. ಇಂದಿನ ಹಡಗು ವ್ಯಾಪಾರದ ಯಾರ್ಕ್-ಆ್ಯಂಟ್ವರ್ಪ್ ನಿಯಮವೂ ಹಂಚುವುದೇ. ಈ ಮೂರನ್ನೂ ಎದುರುಬದುರು ಇಟ್ಟು ಬರೆಯಲು ಅರಬಿಯೂ ಗೊತ್ತಿರಬೇಕು, ಕಾನೂನೂ ಗೊತ್ತಿರಬೇಕು. ಅಂಥವರು ನಮ್ಮಲ್ಲಿ ಇದ್ದಾರೆ.

1342ರ ಸುಮಾರಿಗೆ ಮಂಗಳೂರಿಗೆ ಬಂದ ಇಬ್ನು ಬತೂತ ಇಲ್ಲಿ ಸುಮಾರು 4,000 ಮುಸ್ಲಿಮರು, ಒಬ್ಬ ಶಾಫಿಈ ಖಾಝಿ ಇದ್ದರು ಅಂತ ಬರೆದಿದ್ದಾರೆ. ಮಲಬಾರಿನಲ್ಲಿ ಹಡಗು ಒಡೆದರೆ ಸರಕು ಅರಸನ ಖಜಾನೆಗೆ, ಕಲ್ಲಿಕೋಟೆಯಲ್ಲಿ ಮಾತ್ರ ಮಾಲೀಕನಿಗೇ ವಾಪಸು, ಆ ಊರು ಬೆಳೆದದ್ದೇ ಅದರಿಂದ ಅಂತಲೂ ಅವರು ಹೇಳುತ್ತಾರೆ. ಕಾನೂನು ಊರನ್ನು ಹೇಗೆ ಕಟ್ಟುತ್ತದೆ ನೋಡಿ!

ಸಮಯವೂ ಒಳ್ಳೆಯದಿದೆ. 2025ರಲ್ಲಿ ಸರಕು ಸಾಗಣೆ, ಬಿಲ್ ಆಫ್ ಲೇಡಿಂಗ್, ಬಂದರು, ವಾಣಿಜ್ಯ ನೌಕಾಯಾನ ಅಂತ ಹೊಸ ಕಾಯ್ದೆಗಳು ಬಂದವು. ಬಿಲ್ ಆಫ್ ಲೇಡಿಂಗ್‌ನ ಹಳೆಯ ಕಾಯ್ದೆ 1856ರದ್ದು! ಹೊಸದರ ಮೇಲೆ ಮೊದಲು ಬರೆದವರನ್ನು ನಂತರದವರು ಉಲ್ಲೇಖಿಸಲೇಬೇಕಾಗುತ್ತದೆ.

ಹಡಗನ್ನೇ ಹಿಡಿದು ನಿಲ್ಲಿಸುವ ಅಧಿಕಾರ 2017ರ ಅಡ್ಮಿರಾಲ್ಟಿ ಕಾಯ್ದೆಯಲ್ಲಿ ಕರ್ನಾಟಕ ಹೈಕೋರ್ಟಿಗೂ ಇದೆ. ಪಣಂಬೂರಿನ ಹಡಗಿನ ಕೇಸು ನಡೆಯುವುದು ಕಡಲಿಲ್ಲದ ಬೆಂಗಳೂರಿನಲ್ಲೇ. ಬನಶಂಕರಿಯಲ್ಲೋ ಜಯನಗರದಲ್ಲೋ ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಹಿಡಿದು ವಿಧಾನಸೌಧದಲ್ಲಿ ಇಳಿದರೆ ಎದುರೇ ಹೈಕೋರ್ಟು. ಬೇಸಿಗೆ ರಜೆ ಇರುತ್ತದೆ, ದಿನ ನೋಡಿಕೊಂಡು ಹೋಗಿ.