ಕಳ್ಳಿಮನಿ ‘ಕಲ್ಲಿಮನಿ’ಯಾಗುವ ದಾರಿ

ಚಡಚಣದ ಕಡೆಯ ಕಳ್ಳಿಮನಿ ಮನೆತನದವರೊಬ್ಬರು ಸೊಲ್ಲಾಪುರದಲ್ಲಿ ನೌಕರಿ ಹಿಡಿದರೆನ್ನಿ. ಅಲ್ಲಿಯ ಗುಮಾಸ್ತ ಅವರ ಹೆಸರಿನ ಳಕಾರವನ್ನು ಉಳಿಸಿಯೇ ಬರೆದಾನು. ಮರಾಠಿಗೂ ಳಕಾರ ಉಂಟು. ಪಕ್ಕದ ಮೇಜಿನ ಹೊಸಮನಿಯವರ ಪಾಡು ಬೇರೆ. ಮರಾಠಿ ಬರವಣಿಗೆಯಲ್ಲಿ ಹ್ರಸ್ವ ‘ಎ’, ‘ಒ’ ಇಲ್ಲ. ಹೀಗಾಗಿ ಅವರು ‘ಹೋಸಮನಿ’. ನಮ್ಮ ಸೊಲ್ಲಾಪುರವೇ ಅವರಿಗೆ ‘ಸೋಲಾಪೂರ’ವಲ್ಲವೇ!

ಇಂಗ್ಲಿಷಿನಲ್ಲಿ ಇಬ್ಬರೂ ಸೋತರು. ಲ, ಳ ಎರಡಕ್ಕೂ ಅಲ್ಲಿ ಒಂದೇ ಅಕ್ಷರ. ಆ ಪಟ್ಟಿ ನೋಡಿ ಮತ್ತೊಬ್ಬರು ಕನ್ನಡಕ್ಕೆ ಇಳಿಸುವಾಗ ಕಳ್ಳಿ ‘ಕಲ್ಲಿ’ಯಾಗುತ್ತದೆ, ಹಳ್ಳಿ ಗೋಡೆಯ ಮೇಲಿನ ಹಲ್ಲಿಯಾಗುತ್ತದೆ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾದಾಗ ಬೆಳಗಾವಿಯ ಇಂಗ್ಲಿಷ್ ಕಾಗುಣಿತವನ್ನೂ ಸರ್ಕಾರ ತಿದ್ದಿತು. ಆದರೂ ಅದರ ಳಕಾರಕ್ಕೆ ಜಾಗ ಸಿಗಲಿಲ್ಲ.

ಆದ್ದರಿಂದ ಸಹೋದ್ಯೋಗಿಯ ಮೇಲೆ ಸಿಟ್ಟಾಗುವ ಮೊದಲು ಅವರು ಯಾವ ಲಿಪಿಯಿಂದ ನಕಲು ಮಾಡುತ್ತಿದ್ದಾರೆಂದು ನೋಡಬೇಕು. ಮೂಲ ಪಟ್ಟಿಯಲ್ಲಿ ಇಂಗ್ಲಿಷಿನ ಪಕ್ಕ ಕನ್ನಡದಲ್ಲೂ ಹೆಸರು ಬರೆಸಿದರೆ ಅರ್ಧ ತಕರಾರು ಮುಗಿಯುತ್ತದೆ. ತೋರಿಸಿಕೊಟ್ಟ ಮೇಲೂ ಅದೇ ತಪ್ಪು ಮರುಕಳಿಸಿದರೆ ಅದು ಲಿಪಿಯ ದೋಷವಲ್ಲ, ಉದಾಸೀನ. ಆಗ ಬಾಯಿಮಾತು ಸಾಲದು, ಬರೆದು ಕೊಡಬೇಕು.

ಮದುವೆಯ ಕರೆಯೋಲೆಯ ಮೇಲಿನ ತಪ್ಪನ್ನು ನಕ್ಕು ಬಿಡಬಹುದು. ಆದರೆ ಸೇವಾ ಪುಸ್ತಕದಲ್ಲಿ ಒಂದು ಹೆಸರು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇನ್ನೊಂದು, ಹೊಲದ ಉತಾರದಲ್ಲಿ ಮತ್ತೊಂದು ಇದ್ದರೆ, ಪಿಂಚಣಿಯ ಹೊತ್ತಿಗೆ ಅವರು, ಅವರ ನಂತರ ಮಕ್ಕಳು, ‘ಈ ಮೂವರೂ ಒಬ್ಬರೇ’ ಎಂದು ಅಫಿಡವಿಟ್ ಮಾಡಿಸಲು ಓಡಾಡಬೇಕಾಗುತ್ತದೆ.