ಬಾಸ್ ಗಿಟಾರಿನ ಮರವನ್ನು ಕೊರೆಯುವ ಮುನ್ನ

ನಮ್ಮ ದೇವಾಲಯದ ಗಾಯನ ಮಂಡಳಿಯಲ್ಲಿ ಹಳೆಯದೊಂದು ಬಾಸ್ ಗಿಟಾರ್ ಇದೆ. ಅದನ್ನು ಬಹುಕಾಲ ನುಡಿಸಿದ ಹಿರಿಯರು ಈಗ ನಮ್ಮೊಡನಿಲ್ಲ. ಅವರ ನಿಧನಾನಂತರ ಅವರ ಪತ್ನಿ ಆ ವಾದ್ಯವನ್ನು ದೇವಾಲಯಕ್ಕೆ ಕಾಣಿಕೆಯಾಗಿ ಒಪ್ಪಿಸಿದರು. ಕಳೆದ ವಾರ್ಷಿಕ ಹಬ್ಬ ಮುಗಿದ ಬಳಿಕ, ಈಗ ಅದನ್ನು ನುಡಿಸುತ್ತಿರುವ ಯುವಕ ಮಂಡಳಿಯ ಸಭೆಯಲ್ಲಿ ಒಂದು ಬೇಡಿಕೆಯನ್ನು ಮುಂದಿಟ್ಟ. "ಇದರ ನಾದ ಮಂಕಾಗಿದೆ. ಕೆಳಗೆ ಕುಳಿತವರಿಗೆ ಗುಡುಗುಡು ಶಬ್ದವಲ್ಲದೆ ಸ್ವರ ತಿಳಿಯುವುದಿಲ್ಲ. ಒಳಗೊಂದು ಆಕ್ಟಿವ್ ಪ್ರಿಆಂಪ್ ಕೂಡಿಸೋಣ" ಎಂದ. ಆದರೆ ಅದಕ್ಕೆ ಬೇಕಾದ ಬ್ಯಾಟರಿಗೆ ಸ್ಥಳ ಒದಗಿಸಲು ವಾದ್ಯದ ಹಿಂಬದಿಯ ಮರವನ್ನು ಕೊರೆಯಬೇಕಾಗಿತ್ತು. ಸಭೆಯಲ್ಲಿ ಕ್ಷಣಕಾಲ ಮೌನ ಆವರಿಸಿತು. ಒಮ್ಮೆ ಕೊರೆದ ಮರ ಮತ್ತೆ ಮೊದಲಿನಂತಾಗದು ಎಂಬುದು ಎಲ್ಲರಿಗೂ ತಿಳಿದಿತ್ತು.

ಗಾಯನ ಮಂಡಳಿಗಳಿರುವ ಅನೇಕ ಧರ್ಮಕೇಂದ್ರಗಳಲ್ಲಿ, ಸಂಗೀತ ಕಲಿಯುವ ಮಕ್ಕಳಿರುವ ಅನೇಕ ಮನೆಗಳಲ್ಲಿ ಇಂದಲ್ಲ ನಾಳೆ ಏಳಬಹುದಾದ ಪ್ರಶ್ನೆಯಿದು. ಆದುದರಿಂದ ನಾವು ಕಲಿತುದನ್ನು ವಾಚಕ ಬಂಧುಗಳೊಡನೆ ಹಂಚಿಕೊಳ್ಳುವುದು ಉಚಿತವೆನಿಸಿತು.

ಬಾಸ್ ಗಿಟಾರ್ ವಯಸ್ಸಿನಲ್ಲಿ ಕಿರಿಯ ವಾದ್ಯ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಎಂಬವರು 1951ರಲ್ಲಿ ಪ್ರಿಸಿಷನ್ ಬಾಸ್ ಎಂಬ ಮಾದರಿಯನ್ನು ಹೊರತಂದ ಮೇಲೆ ಅದು ಲೋಕಪ್ರಿಯವಾಯಿತು. ಅದರ ಅತ್ಯಂತ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಆರ್ಗನ್ ವಾದ್ಯದಲ್ಲಿ ಕಾಲುಮಣೆಗಳು ಮಾಡುವ ಕೆಲಸವನ್ನೇ ನಮ್ಮ ಮಂಡಳಿಗಳಲ್ಲಿ ಇದು ಮಾಡುತ್ತದೆ: ಹಾಡುವವರ ಸ್ವರಕ್ಕೆ ಅಡಿಪಾಯ ಹಾಕುತ್ತದೆ.

ಹಳೆಯ ಮಾದರಿಯ ಬಾಸಿನಲ್ಲಿ ವಿದ್ಯುತ್ತಿನ ಮೂಲವಿಲ್ಲ. ಅಯಸ್ಕಾಂತದ ಮೇಲೆ ಸುತ್ತಿದ ತೆಳುವಾದ ತಂತಿಸುರುಳಿ, ಅಂದರೆ ಪಿಕಪ್, ಉಕ್ಕಿನ ತಂತಿಗಳ ಕಂಪನವನ್ನು ಕಿರಿದಾದ ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುತ್ತದೆ. ಇದನ್ನು ಪ್ಯಾಸಿವ್ ಎನ್ನುತ್ತಾರೆ. ಇದರ ಟೋನ್ ಗುಂಡಿಗೆ ಒಂದೇ ವಿದ್ಯೆ ಗೊತ್ತು: ಮೇಲಿನ ಸ್ವರಾಂಶವನ್ನು ಕಡಿಮೆ ಮಾಡುವುದು. ಇಲ್ಲದುದನ್ನು ಅದು ಸೇರಿಸಲಾರದು. ಆಕ್ಟಿವ್ ಪ್ರಿಆಂಪ್ ಎಂಬುದು ಸಾಮಾನ್ಯವಾಗಿ 9 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಪುಟ್ಟ ಮಂಡಲ. ತಗ್ಗು ಮತ್ತು ಮೇಲಿನ ನಾದಗಳನ್ನು, ಕೆಲವು ಮಾದರಿಗಳಲ್ಲಿ ನಡುವಿನ ನಾದವನ್ನೂ, ಅದು ಬೇಕಾದಂತೆ ಏರಿಸಬಲ್ಲದು, ಇಳಿಸಬಲ್ಲದು. 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸಂಸ್ಥೆಯ ಸ್ಟಿಂಗ್‌ರೇ ಎಂಬ ಬಾಸ್ ಇಂತಹ ಮಂಡಲವನ್ನು ಒಡಲಲ್ಲೇ ಹೊತ್ತಿತ್ತು. ಅದರ ಹಿಂದೆಯೂ ಲಿಯೋ ಫೆಂಡರರ ಕೈಯಿತ್ತು.

ಪ್ರಿಆಂಪಿನ ಇನ್ನೊಂದು ಉಪಕಾರ ಹೊರಗಣ್ಣಿಗೆ ಕಾಣದು. ಪ್ಯಾಸಿವ್ ಬಾಸಿನ ಸಂಕೇತ ಬಲಹೀನವಾದುದು. ಅದು ಸಾಗುವ ಕೇಬಲ್ ಉದ್ದವಾದಷ್ಟೂ ನಾದದ ಸ್ಪಷ್ಟತೆ ದಾರಿಯಲ್ಲೇ ಸೋರುತ್ತದೆ. ಪ್ರಿಆಂಪ್ ಆ ಸಂಕೇತಕ್ಕೆ ಬಲ ತುಂಬಿ ಕಳುಹಿಸುವುದರಿಂದ ಉದ್ದದ ಕೇಬಲಿನಲ್ಲಿಯೂ ಅದು ಕುಗ್ಗುವುದಿಲ್ಲ.

ಇಷ್ಟೆಲ್ಲ ಗುಣಗಳಿರುವಾಗ ಹಿಂಜರಿಕೆ ಏಕೆ ಎಂದು ಕೇಳಬಹುದು. ಗುಣಗಳ ಜೊತೆಗೆ ಹೊಣೆಗಳೂ ಬರುತ್ತವೆ. ಇಂತಹ ಬಾಸುಗಳಲ್ಲಿ ಸಾಮಾನ್ಯವಾಗಿ ಕೇಬಲ್ ಚುಚ್ಚಿದೊಡನೆ ಬ್ಯಾಟರಿ ಚಾಲನೆಗೊಳ್ಳುತ್ತದೆ. ಬಲಿಪೂಜೆಯ ನಂತರ ಕೇಬಲ್ ಕೀಳಲು ಮರೆತರೆ ಯಾರೂ ನುಡಿಸದಿದ್ದರೂ ಅದು ಸವೆಯುತ್ತಲೇ ಇರುತ್ತದೆ. ಮಂಡಲ 1 ಮಿಲಿ ಆಂಪಿಯರ್ ಬಳಸುವುದಾದರೆ ಒಳ್ಳೆಯ ಬ್ಯಾಟರಿಯೊಂದು ಸುಮಾರು 500 ಗಂಟೆ ಬಾಳೀತು. ವಾರಕ್ಕೆರಡು ಗಂಟೆ ನುಡಿಸುವವರಿಗೆ ಅದು ವರ್ಷಗಳ ಮಾತು. ಮರೆಯುವವರಿಗೆ ಮೂರೇ ವಾರಗಳ ಮಾತು. ಬ್ಯಾಟರಿ ಸೋತಾಗ ನಾದ ಮೊದಲು ಒಡೆಯುತ್ತದೆ, ಬಳಿಕ ನಿಲ್ಲುತ್ತದೆ. ಪ್ಯಾಸಿವ್ ದಾರಿಗೆ ಮರಳಿಸುವ ಸ್ವಿಚ್ ಇಲ್ಲದಿದ್ದರೆ ಕ್ರಿಸ್ತಜಯಂತಿಯ ನಡುರಾತ್ರಿಯ ಪೂಜೆಯಲ್ಲೇ ಬಾಸ್ ಮೂಕವಾಗಬಹುದು.

ತಗ್ಗು ನಾದವನ್ನು ಏರಿಸುವಲ್ಲಿಯೂ ಎಚ್ಚರ ಬೇಕು. ಅದನ್ನು 10 ಡೆಸಿಬೆಲ್ ಹೆಚ್ಚಿಸಿದರೆ ಆ ಸ್ವರಗಳಿಗಾಗಿ ಆಂಪ್ಲಿಫೈಯರ್ ಹತ್ತು ಪಟ್ಟು ಶಕ್ತಿ ಒದಗಿಸಬೇಕು. ಅಲ್ಲದೆ, ಎತ್ತರದ ಛಾವಣಿ, ಕಲ್ಲಿನ ನೆಲ, ಬರಿಯ ಗೋಡೆಗಳ ನಮ್ಮ ದೇವಾಲಯಗಳಲ್ಲಿ ತಗ್ಗು ನಾದ ಬೇಗನೆ ಆರುವುದಿಲ್ಲ. ಒಂದು ಸ್ವರ ಮುಗಿಯುವ ಮುನ್ನ ಮತ್ತೊಂದು ಅದರ ಮೇಲೆ ಬಿದ್ದು ಎಲ್ಲವೂ ಕಲಸಿಹೋಗುತ್ತದೆ.

ಇದನ್ನೆಲ್ಲ ಆಲಿಸಿದ ಗುರುಗಳು, ಮೊದಲು ಕೊರತೆ ಎಲ್ಲಿದೆಯೆಂದು ಹುಡುಕಿರಿ, ಬಳಿಕ ಉಳಿಯನ್ನು ಕೈಗೆತ್ತಿಕೊಳ್ಳಿರಿ ಎಂದರು. ಅಂತೆಯೇ ಮೂರು ಭಾನುವಾರ ಪರೀಕ್ಷೆ ನಡೆಯಿತು. ಮೊದಲ ವಾರ ತಂತಿಗಳನ್ನು ಬದಲಿಸಿದೆವು. ಬೆವರು, ತುಕ್ಕು ಹಿಡಿದು ವರ್ಷಗಳೇ ಕಳೆದಿದ್ದ ಅವು ಅರ್ಧ ಮಂಕಿಗೆ ಕಾರಣವಾಗಿದ್ದವು. ಎರಡನೆಯ ವಾರ ಗಾಯಕರ ಮಾಳಿಗೆಯಿಂದ ಕೆಳಗಿನ ಮಿಕ್ಸರಿನವರೆಗೆ ಕೇಬಲನ್ನು ಹಿಡಿದು ನಡೆದೆವು. ಅಲ್ಲಿ ಮುಖ್ಯ ಕಾರಣ ದೊರೆಯಿತು. ಬಾಸನ್ನು ನೇರವಾಗಿ ಮಿಕ್ಸರಿನ ಸಾಮಾನ್ಯ ಲೈನ್ ದ್ವಾರಕ್ಕೆ ಚುಚ್ಚಲಾಗಿತ್ತು. ಇಂತಹ ದ್ವಾರದ ತಡೆ ಹೆಚ್ಚಾಗಿ 10 ಸಾವಿರ ಓಮ್‌ಗಳ ಆಸುಪಾಸಿನಲ್ಲಿರುತ್ತದೆ. ಪ್ಯಾಸಿವ್ ಬಾಸಿಗಾದರೋ ಸುಮಾರು 10 ಲಕ್ಷ ಓಮ್‌ಗಳ ದ್ವಾರ ಹಿತ. ಎಳೆಯ ಕರುವಿನ ಹೆಗಲಿಗೆ ತುಂಬಿದ ಬಂಡಿಯ ನೊಗ ಹೂಡಿದಂತೆ, ಪಿಕಪ್ಪಿನ ಬಡ ಸಂಕೇತ ಆ ಹೊರೆಗೆ ಕುಸಿಯುತ್ತಿತ್ತು.

ಮೂರನೆಯ ವಾರ ಪರಿಚಿತರೊಬ್ಬರಿಂದ ಡಿಐ ಎಂಬ ಪುಟ್ಟ ಪೆಟ್ಟಿಗೆಯನ್ನು ಎರವಲು ತಂದೆವು. ಅದು ಬಾಸಿನಿಂದ ಹಗುರವಾಗಿ ಸಂಕೇತವನ್ನು ಪಡೆದು, ಬಲಪಡಿಸಿ, ಉದ್ದದ ಕೇಬಲಿಗೆ ಒಪ್ಪಿಸುತ್ತದೆ. ನಾದ ತಿದ್ದುವ ಗುಂಡಿಗಳೂ ಅದರ ಮೇಲಿದ್ದವು. ಒಳಗೆ ಕೂಡಿಸಬೇಕೆಂದಿದ್ದ ಪ್ರಿಆಂಪ್ ಮಾಡುವ ಕೆಲಸವನ್ನೇ ಅದು ನುಡಿಸುವವನ ಕಾಲಬಳಿಯಲ್ಲಿ ಕುಳಿತು ಮಾಡಿತು. ಅಂದು ಕಾಣಿಕೆಯ ಗೀತೆಯಲ್ಲಿ ಬಾಸಿನ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿಸಿತು. ಮಾಳಿಗೆಯ ಯುವಕನ ಮುಖದಲ್ಲಿ ನಗು ಮೂಡಿತು.

ಪವಿತ್ರ ಧರ್ಮಸಭೆಯ ಬೋಧನೆಯೂ ಇಲ್ಲಿ ನಮಗೆ ದಾರಿದೀಪ. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಪ್ರಕಟಿಸಿದ ದೈವಾರಾಧನೆಯ ಸಂವಿಧಾನವು ಪೈಪ್ ಆರ್ಗನ್ನಿಗೆ ವಿಶೇಷ ಗೌರವ ನೀಡಿ, ಪವಿತ್ರ ಬಳಕೆಗೆ ತಕ್ಕುದಾದ ಇತರ ವಾದ್ಯಗಳಿಗೂ ಸಂಬಂಧಪಟ್ಟ ಅಧಿಕಾರಿಗಳ ಒಪ್ಪಿಗೆಯ ಮೇರೆಗೆ ಬಾಗಿಲು ತೆರೆಯಿತು. 1967ರ ಮಾರ್ಚ್ 5ರ 'ಮ್ಯೂಸಿಕಾಂ ಸಾಕ್ರಂ' ಎಂಬ ನಿರ್ದೇಶನವಾದರೋ ವಾದ್ಯಗಳು ಹಾಡುವವರ ಸ್ವರಕ್ಕೆ ಆಸರೆಯಾಗಬೇಕೇ ಹೊರತು, ಗೀತೆಯ ಮಾತುಗಳು ಕೇಳಿಸದಂತೆ ಅದನ್ನು ಮುಚ್ಚಬಾರದೆಂದು ತಿಳಿಸುತ್ತದೆ. ಪ್ರಿಆಂಪ್ ಬೇಕೇ ಬೇಡವೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ. ಕೆಳಗಿನ ಕೊನೆಯ ಬೆಂಚಿನ ಅಜ್ಜಿಗೆ ಗೀತೆಯ ಪದ ಇನ್ನಷ್ಟು ಚೆನ್ನಾಗಿ ಕೇಳಿಸುವುದೇ? ಕೇಳಿಸುವುದಾದರೆ ಮಾತ್ರ ಅದು ಬೇಕು.

ಹಾಗೆಂದು ಒಳಗಿನ ಪ್ರಿಆಂಪ್ ವ್ಯರ್ಥವೆಂದು ಯಾರೂ ಭಾವಿಸಬಾರದು. ಇಂದು ದೇವಾಲಯ, ನಾಳೆ ಮದುವೆಯ ಸಭಾಂಗಣ, ನಾಡಿದ್ದು ತೆರೆದ ಬಯಲು ಎಂದು ತಿರುಗುವ ವಾದಕನಿಗೆ, ನಾದ ತಿದ್ದುವ ಗುಂಡಿ ಕೈಯಳತೆಯಲ್ಲಿರುವುದು ದೊಡ್ಡ ಅನುಕೂಲ. ಒಡಲಲ್ಲಿ ಈಗಾಗಲೇ ಸ್ಥಳವಿರುವ ವಾದ್ಯಕ್ಕೆ ಮರ ಕೊರೆಯದೆಯೇ ಕೂಡಿಸಬಹುದಾದುದೂ ಉಂಟು. ಅಂಥವರು ಕೂಡಿಸಲಿ, ಪ್ಯಾಸಿವ್ ದಾರಿಯ ಸ್ವಿಚ್ ಇರುವುದನ್ನೇ ಆರಿಸಲಿ, ತೆಗೆದ ಹಳೆಯ ಭಾಗಗಳನ್ನು ಜೋಪಾನವಾಗಿಡಲಿ.

ನಮ್ಮ ಮಂಡಳಿ ಮಾತ್ರ ಮರವನ್ನು ಕೊರೆಯದಿರಲು ನಿರ್ಧರಿಸಿತು. ಪೆಟ್ಟಿಗೆಯೊಂದನ್ನು ಕೊಂಡಿತು. ನಿರ್ಧಾರಕ್ಕೆ ಮುನ್ನ ಆ ತಾಯಿಯನ್ನು ಕೇಳಲು ಹೋದಾಗ ಅವರು, "ಕೊಟ್ಟ ಮೇಲೆ ಅದು ದೇವರದು. ಹಾಡಿಗೆ ಒಳ್ಳೆಯದಾಗುವುದಾದರೆ ಕೊರೆಯಿರಿ" ಎಂದಿದ್ದರು. ಹೀಗೆ ಕೊರೆಯಲು ಮನಸಾರೆ ಒಪ್ಪಿದವರ ಕಾಣಿಕೆಯನ್ನು, ಕೊರೆಯುವ ಅಗತ್ಯವಿಲ್ಲವೆಂದು ಕಂಡುಕೊಂಡು ಉಳಿಸಿದ ಸಮಾಧಾನ ನಮ್ಮದು.

ನವೆಂಬರ್ 22 ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಾರ ಹಬ್ಬ. ಆ ದಿನ ಮಾಳಿಗೆಯನ್ನೇರುವ ಪ್ರತಿಯೊಂದು ಮಂಡಳಿಯೂ ತನ್ನ ವಾದ್ಯಗಳನ್ನು ಒಮ್ಮೆ ಪರೀಕ್ಷಿಸಲಿ. ಹೊಸದನ್ನು ಕೂಡಿಸುವ ಮುನ್ನ ಇರುವುದರ ತುಕ್ಕನ್ನು ತೆಗೆಯಲಿ. ವಾದ್ಯಕ್ಕೆ ಮಾತ್ರವಲ್ಲ, ನಮ್ಮ ಮನೆ ಮನಗಳಿಗೂ ಈ ಮಾತು ಸಲ್ಲುತ್ತದೆ.